ಕೈಬರಹದ ಗುರು

ಇಲೆಕ್ಟ್ರಾನಿಕ್ಸ್ ಹವ್ಯಾಸಕ್ಕೆ ಕೈಹಾಕುವ ಮಕ್ಕಳಿಗೆ ಯಾವ ಪುಸ್ತಕ ಕೊಡಬೇಕೆಂಬುದು ನಮ್ಮ ಅನೇಕ ಮನೆಗಳ ಪ್ರಶ್ನೆ. ಮುಂಬಯಿಯ ಲ್ಯಾಮಿಂಗ್‌ಟನ್ ರಸ್ತೆಯಲ್ಲಿ ಬಿಡಿಭಾಗಗಳು ಬೇಕಾದಷ್ಟು ಸಿಗುತ್ತವೆ. ಅವುಗಳ ಮರ್ಮ ತಿಳಿಸುವ ಗುರು ಸಿಗುವುದು ಕಷ್ಟ. ಈ ದೃಷ್ಟಿಯಿಂದ ಫಾರೆಸ್ಟ್ ಮಿಮ್ಸ್ ಅವರ ‘ಗೆಟಿಂಗ್ ಸ್ಟಾರ್ಟೆಡ್ ಇನ್ ಇಲೆಕ್ಟ್ರಾನಿಕ್ಸ್’ ಇಂದಿಗೂ ಪರಿಶೀಲನೆಗೆ ಅರ್ಹವಾದ ಕೃತಿ.

1983ರಲ್ಲಿ ಅಮೆರಿಕದ ರೇಡಿಯೋ ಶ್ಯಾಕ್ ಅಂಗಡಿಗಳಿಗಾಗಿ ಸಿದ್ಧವಾದ ಈ 128 ಪುಟಗಳ ಪುಸ್ತಕದಲ್ಲಿ ಅಕ್ಷರ, ಚಿತ್ರ ಎರಡೂ ಲೇಖಕರ ಕೈಯಿಂದಲೇ ಮೂಡಿವೆ. ಮಿಮ್ಸ್ ಕಾಲೇಜಿನಲ್ಲಿ ಓದಿದ್ದು ರಾಜ್ಯಶಾಸ್ತ್ರ. ಇಲೆಕ್ಟ್ರಾನಿಕ್ಸನ್ನು ಸ್ವಂತವಾಗಿ ಕಲಿತವರು. ಹೊಸಬರು ಎಲ್ಲಿ ಎಡವುತ್ತಾರೆಂಬುದನ್ನು ಅವರು ಚೆನ್ನಾಗಿ ಬಲ್ಲರೆಂದು ಪುಟಪುಟವೂ ಹೇಳುತ್ತದೆ. ವಾಕ್ಯಗಳು ಪುಟ್ಟವು, ಚಿತ್ರ ಪಕ್ಕದಲ್ಲೇ. ಇಂಗ್ಲಿಷ್ ಅಷ್ಟಾಗಿ ಬಾರದ ತಾಯಿತಂದೆಯರೂ ಮಗುವಿನ ಜೊತೆ ಕುಳಿತು ಕನ್ನಡದಲ್ಲೇ ಚರ್ಚಿಸಬಹುದು. ಇದೇನೂ ಸಣ್ಣ ಗುಣವಲ್ಲ.

ಆದರೆ ಪುಸ್ತಕದ ಎರಡು ಭಾಗಗಳು ಒಂದೇ ತೂಕದವಲ್ಲ. ಮೊದಲ ಭಾಗ ವಿದ್ಯುತ್ತಿನಿಂದ ಹಿಡಿದು ಟ್ರಾನ್ಸಿಸ್ಟರ್, ಐ.ಸಿ.ವರೆಗೆ ತಾಳ್ಮೆಯಿಂದ ಬಿಡಿಸಿ ಹೇಳುತ್ತದೆ. ಕೊನೆಯ ನೂರು ಸರ್ಕ್ಯೂಟ್‌ಗಳಲ್ಲಿ ವಿವರಣೆ ಬಹಳ ಮೊಟಕು. ಜೋಡಿಸಿದ್ದು ಕೆಲಸ ಮಾಡದಿದ್ದರೆ ತಪ್ಪು ಹುಡುಕುವ ದಾರಿ ಅಲ್ಲಿ ಕಾಣದು. ಮಕ್ಕಳು ಮೊದಲು ತೆರೆಯುವುದೂ ಆ ಪುಟಗಳನ್ನೇ! ನಕಲು ಮಾಡಿದ ಕೈಗೆ ಕಲಿತ ಭ್ರಮೆ ಹುಟ್ಟುವುದು ಹೀಗೆ.

ಒಂದು ಉದಾಹರಣೆ ನೋಡಿ. 9 ವೋಲ್ಟ್ ಬ್ಯಾಟರಿಗೆ ಕೆಂಪು ಎಲ್.ಇ.ಡಿ. ಜೋಡಿಸಬೇಕು. ಅದರ ಪಾಲು ಸುಮಾರು 2 ವೋಲ್ಟ್. ಉಳಿದ 7 ವೋಲ್ಟ್ ರೆಸಿಸ್ಟರಿನದು. 470 ಓಮ್ ಹಾಕಿದರೆ ಸುಮಾರು 15 ಮಿಲಿ ಆಂಪಿಯರ್ ಹರಿಯುತ್ತದೆ. ದೀಪಕ್ಕೆ ಅಷ್ಟು ಸಾಕು. ಈ ಭಾಗಾಕಾರ ತಿಳಿದ ಹುಡುಗಿಗೆ ನಾಳೆ 12 ವೋಲ್ಟ್ ಬಂದರೂ ಅಂಜಿಕೆಯಿಲ್ಲ. ‘470’ ಎಂದಷ್ಟೇ ಬಾಯಿಪಾಠ ಮಾಡಿದವಳು ಅಲ್ಲಿಗೇ ನಿಲ್ಲುತ್ತಾಳೆ.

ಇನ್ನೊಂದು ತೊಡಕು ಲೇಖಕರದಲ್ಲ, ನಮ್ಮ ಪೇಟೆಯದು. ಅಮೆರಿಕದ ನಕ್ಷೆಗಳಲ್ಲಿ ಸಾಮಾನ್ಯವಾದ 2ಎನ್3904 ಟ್ರಾನ್ಸಿಸ್ಟರಿಗೆ ಬದಲಾಗಿ ಅಂಗಡಿಯವರು ಬಿ.ಸಿ.547 ಕೊಡುವುದುಂಟು. ಎರಡರಲ್ಲೂ ಬೇಸ್ ನಡುವಿನ ಕಾಲು. ಎಮಿಟರ್, ಕಲೆಕ್ಟರ್ ಮಾತ್ರ ಅದಲುಬದಲು. ಕಾಲುಗಳ ಗುರುತು ತಿಳಿಯದೆ ಜೋಡಿಸಿದ ಮಗು ತನಗೆ ಈ ವಿದ್ಯೆ ಒಲಿಯದೆಂದು ಕೈಬಿಟ್ಟೀತು.

ಒಟ್ಟಿನಲ್ಲಿ, ಕೊಂಡು ಓದಿಸಬೇಕಾದ ಪುಸ್ತಕವಿದು. ಆದರೆ ಇದರೊಡನೆ ಒಂದು ಮಲ್ಟಿಮೀಟರನ್ನೂ ಕೊಡಿಸಿ. ನೂರು ಸರ್ಕ್ಯೂಟ್ ಮುಗಿಸುವ ಆತುರ ಬೇಡ. ಹತ್ತನ್ನು ಅಳೆದು, ಕೆಡಿಸಿ, ಮತ್ತೆ ಸರಿಪಡಿಸಿದರೆ ಮಿಮ್ಸರ ಶ್ರಮ ಸಾರ್ಥಕ.