ರೋಕೆಯಾ ಅವರ ಎರಡು ಕೃತಿಗಳಲ್ಲಿ ಸ್ತ್ರೀಯ ದುಡಿಮೆ

ಇಂದಿನ ಬಾಂಗ್ಲಾದೇಶದ ರಂಗಪುರ ಸೀಮೆಯಲ್ಲಿ ಹುಟ್ಟಿದ ರೋಕೆಯಾ ಸಖಾವತ್ ಹುಸೇನ್ (೧೮೮೦–೧೯೩೨) ಅವರ ಕೃತಿಗಳಲ್ಲಿ ಹೆಚ್ಚು ಪ್ರಸಿದ್ಧವಾದುದು, ೧೯೦೫ರಲ್ಲಿ ಮದರಾಸಿನ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಪ್ರಕಟವಾದ ‘ಸುಲ್ತಾನಳ ಕನಸು’. ಅಲ್ಲಿ ಪುರುಷರು ಅಂತಃಪುರ ಸೇರಿದ್ದಾರೆ, ರಾಜ್ಯವಾಳುವವರು ಸ್ತ್ರೀಯರು, ಅಡಿಗೆಗೆ ಸೂರ್ಯನ ಶಾಖವೇ ಸಾಕು, ಕಚೇರಿಯ ಕೆಲಸಕ್ಕೆ ಎರಡು ಗಂಟೆಯೇ ಹೆಚ್ಚು. ವ್ಯಂಗ್ಯವೇನೋ ಹರಿತವಾದುದೇ. ಆದರೆ ಅನ್ನದ ಪ್ರಶ್ನೆಯು ಕನಸಿನಲ್ಲಿ ಬಗೆಹರಿಯುವಷ್ಟು ಸುಲಭವಾಗಿ ಬಗೆಹರಿದುಬಿಡುತ್ತದೆ.

೧೯೨೪ರಲ್ಲಿ ಬಂಗಾಳಿಯಲ್ಲಿ ಬಂದ ‘ಪದ್ಮರಾಗ’ ಕಾದಂಬರಿಯ ಹೆಣಿಗೆ ಸಡಿಲವಾದುದು, ಆಕಸ್ಮಿಕಗಳೂ ಹೆಚ್ಚು. ಆದರೂ ವಿಚಾರದಲ್ಲಿ ಅದೇ ಮುಂದಿದೆ. ಅದರ ತಾರಿಣೀಭವನದಲ್ಲಿ ಪಾಠಶಾಲೆಯ ಜೊತೆಗೆ ಕರ್ಮಶಾಲೆಯೂ ಉಂಟು. ನೆಲೆ ತಪ್ಪಿದ ನಾನಾ ಮತಗಳ ಸ್ತ್ರೀಯರು ಅಲ್ಲಿ ದುಡಿದು ಬಾಳುತ್ತಾರೆ. ನಾಯಿಕೆ ಸಿದ್ದಿಕಾ ಕೊನೆಯಲ್ಲಿ ಪತಿಯೊಡನೆ ಸಂಸಾರ ಹೂಡಲು ಒಪ್ಪದಿರುವುದು ಬರಿಯ ಹಠವಲ್ಲ. ಪರರ ಅನ್ನಕ್ಕೆ ಕೈಯೊಡ್ಡದವಳ ‘ಒಲ್ಲೆ’ಗೆ ಬೆಲೆಯುಂಟೆಂಬುದನ್ನು ಲೇಖಕಿ ಬಲ್ಲರು.

ಒಂದು ಆಕ್ಷೇಪಣೆ ಮಾತ್ರ ಉಳಿಯುತ್ತದೆ. ಆ ಭವನ ನಿಂತಿರುವುದು ವಿಧವೆಯೊಬ್ಬಳ ಹಣದ ಮೇಲೆ. ಸಿದ್ದಿಕಾಳೂ ಜಮೀನ್ದಾರರ ಮನೆಯವಳೇ. ಆಸ್ತಿಯೂ ಆಶ್ರಯವೂ ಇಲ್ಲದವಳು ಬರಿಯ ಕೂಲಿಯಿಂದ ‘ಒಲ್ಲೆ’ ಎನ್ನಬಲ್ಲಳೆ? ಕಾದಂಬರಿ ಕೇಳದ ಈ ಪ್ರಶ್ನೆಯನ್ನು ಇಂದಿನ ಓದುಗರು ಕೇಳದಿರಲಾಗದು.