ಯಂತ್ರದ ಮಾತಿಗೆ ಸಾಕ್ಷಿ ಯಾರು?

ಭೌತವಿಜ್ಞಾನದ ಪಿಎಚ್.ಡಿ. ಮಹಾಪ್ರಬಂಧವನ್ನು ಸಾಹಿತ್ಯದ ಓದುಗರು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದಿಲ್ಲ. ಸಮೀಕರಣಗಳ ಬೇಲಿ ದಾಟುವುದು ನನಗೂ ಕಷ್ಟವೇ. ಆದರೂ ದೊಡ್ಡ ಕ್ವಾಂಟಮ್ ಕಂಪ್ಯೂಟರುಗಳ ಗುಣದೋಷಗಳನ್ನು ಅಳೆಯುವುದು ಹೇಗೆ ಎಂದು ಕೇಳುವ ಸಂಶೋಧನೆಯನ್ನು ವಿಮರ್ಶೆಯ ವಿದ್ಯಾರ್ಥಿಗಳು ಗಮನಿಸಬೇಕು. ಅಲ್ಲಿರುವುದು ನಮ್ಮದೇ ಪ್ರಶ್ನೆ: ನಮ್ಮ ಅಳವಿಗೆ ಮೀರಿದ್ದನ್ನು ನಾವು ಯಾವ ಅಳತೆಗೋಲಿನಿಂದ ಅಳೆಯುತ್ತೇವೆ?

2019ರ ಅಕ್ಟೋಬರಿನಲ್ಲಿ ಗೂಗಲ್ ತಂಡ 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿತು. 53 ಕ್ಯುಬಿಟ್‌ಗಳ ಸಿಕಮೋರ್ ಯಂತ್ರ 200 ಸೆಕೆಂಡುಗಳಲ್ಲಿ ಮಾಡಿದ ಕೆಲಸಕ್ಕೆ ಸೂಪರ್‌ಕಂಪ್ಯೂಟರಿಗೆ 10,000 ವರ್ಷ ಬೇಕು ಎಂಬುದು ಅವರ ವಾದ. ಎರಡೂವರೆ ದಿನ ಸಾಕು ಎಂದು ಐಬಿಎಂ ತಕರಾರು ತೆಗೆಯಿತು. ಮುಂದೆ ಚೀನಾದ ಸಂಶೋಧಕರು 512 ಜಿಪಿಯುಗಳನ್ನು ಬಳಸಿ ಸುಮಾರು 15 ಗಂಟೆಯಲ್ಲಿ ಅದೇ ಕೆಲಸ ಮುಗಿಸಿದರು. ಪತ್ರಿಕೆಗಳು ಈ ಓಟದ ಪಂದ್ಯವನ್ನಷ್ಟೇ ನೋಡಿದವು. ನನ್ನ ತಕರಾರು ಬೇರೆ. ಅತ್ಯಂತ ಕಠಿಣವಾದ ಸರ್ಕ್ಯೂಟಿನ ಉತ್ತರ ಸರಿಯೇ ಎಂದು ಆಗ ಯಾರೂ ನೇರವಾಗಿ ಪರೀಕ್ಷಿಸಿರಲಿಲ್ಲ. ಸರಳಗೊಳಿಸಿದ ಸರ್ಕ್ಯೂಟುಗಳನ್ನು ಪರೀಕ್ಷಿಸಿ, ಅದರ ಮೇಲಿಂದ ಅಂದಾಜು ಕಟ್ಟಿದ್ದರು. ಆ ಅಂದಾಜಿನಂತೆ ಉತ್ತರದ ನಿಷ್ಠೆ ಶೇಕಡಾ 0.2ರ ಆಸುಪಾಸು. ಉಳಿದದ್ದು ಗದ್ದಲ. ಲೇಖನ ಇದನ್ನು ಮುಚ್ಚಿಟ್ಟಿರಲಿಲ್ಲ, ಓದಿದವರು ಕಡಿಮೆ ಅಷ್ಟೆ.

ಅಳೆಯುವುದು ಇಷ್ಟು ಕಷ್ಟವೇಕೆ? 10 ಕ್ಯುಬಿಟ್‌ಗಳ ಸ್ಥಿತಿಯನ್ನು ಪೂರ್ತಿ ವಿವರಿಸಲು 10,48,575 ಸಂಖ್ಯೆಗಳು ಬೇಕು. 50 ಆದರೆ ಒಂದರ ಮುಂದೆ ಮೂವತ್ತು ಸೊನ್ನೆ ಹಾಕಬೇಕು. ಹಾಗಾಗಿ ಬಹುಕಾಲ ಒಂದೆರಡು ಕ್ಯುಬಿಟ್‌ಗಳನ್ನು ಬಿಡಿಬಿಡಿಯಾಗಿ ಅಳೆದು ತೃಪ್ತಿಪಟ್ಟರು. ಭಾಗವತರು, ಮದ್ದಳೆಯವರು, ವೇಷಧಾರಿ, ಒಬ್ಬೊಬ್ಬರನ್ನೇ ಕೂರಿಸಿ ಪರೀಕ್ಷಿಸಿ ಇಡೀ ರಾತ್ರಿಯ ಆಟ ಹೇಗಿದ್ದೀತು ಎಂದು ತೀರ್ಪು ಕೊಟ್ಟ ಹಾಗೆ. ಒಂದು ಕ್ಯುಬಿಟ್ ಮೇಲೆ ನಡೆಸಿದ ಕ್ರಿಯೆ ಪಕ್ಕದ್ದನ್ನೂ ಅಲುಗಾಡಿಸುತ್ತದೆ; ಇಂಥ ತಪ್ಪು ಎಲ್ಲ ಒಟ್ಟಿಗೆ ನಡೆದಾಗಲೇ ಕಾಣುವುದು. 'ಕ್ವಾಂಟಮ್ ವಾಲ್ಯೂಮ್' ಎಂಬ ಜನಪ್ರಿಯ ಅಂಕಿಯೂ ಸಾಮಾನ್ಯ ಕಂಪ್ಯೂಟರಿನ ಲೆಕ್ಕವನ್ನೇ ನೆಚ್ಚಿಕೊಂಡಿದೆ. ಯಂತ್ರ ನಿಜವಾಗಿ ದೊಡ್ಡದಾದಾಗ ಅದು ಕೈಕೊಡುತ್ತದೆ.

ಇಲ್ಲಿ 'ಕನ್ನಡಿ ಸರ್ಕ್ಯೂಟ್' ಎಂಬ ಉಪಾಯ ನನಗೆ ಬಹಳ ಹಿಡಿಸಿತು. ಲೆಕ್ಕವನ್ನು ಅರ್ಧದವರೆಗೆ ಮುಂದಕ್ಕೆ ನಡೆಸಿ, ಆಮೇಲೆ ಅದೇ ಹೆಜ್ಜೆಗಳಲ್ಲಿ ಹಿಂದಕ್ಕೆ ನಡೆಸುವುದು. ಹೊರಟಲ್ಲಿಗೇ ಬಂದು ನಿಂತರೆ ಯಂತ್ರ ನೆಟ್ಟಗಿದೆ. ಸರಿಯುತ್ತರ ಮೊದಲೇ ಗೊತ್ತಿರುವುದರಿಂದ ಸೂಪರ್‌ಕಂಪ್ಯೂಟರಿನ ಹಂಗಿಲ್ಲ. ಹೋಗುವಾಗ ಮಾಡಿದ ತಪ್ಪನ್ನು ಬರುವಾಗಿನ ತಪ್ಪು ಅಳಿಸಿಹಾಕಿದರೆ? ಆ ಅಪಾಯಕ್ಕಾಗಿಯೇ ನಡುವೆ ಒಂದಿಷ್ಟು ಯಾದೃಚ್ಛಿಕ ಕ್ರಿಯೆಗಳನ್ನು ಸೇರಿಸುತ್ತಾರೆ.

ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ತಿಮೋತಿ ಪ್ರಾಕ್ಟರ್ ಮತ್ತು ಸಂಗಡಿಗರು ಈ ವಿಧಾನವನ್ನು 12 ಯಂತ್ರಗಳ ಮೇಲೆ ಪ್ರಯೋಗಿಸಿದರು. ಕ್ರಮಬದ್ಧ ವಿನ್ಯಾಸವುಳ್ಳ ಪ್ರೋಗ್ರಾಮುಗಳು ಗೊತ್ತುಗುರಿಯಿಲ್ಲದ ಪ್ರೋಗ್ರಾಮುಗಳಿಗಿಂತ ಬೇಗ, ಕೆಲವೊಮ್ಮೆ ಅವುಗಳ ಹತ್ತನೇ ಒಂದು ಭಾಗದಷ್ಟು ಗಾತ್ರದಲ್ಲೇ, ಸೋತವು. ಉಪಯೋಗಕ್ಕೆ ಬರುವ ಲೆಕ್ಕಗಳೆಲ್ಲ ವಿನ್ಯಾಸವುಳ್ಳವೇ. ಯಾದೃಚ್ಛಿಕ ಪರೀಕ್ಷೆಯಲ್ಲಿ ಬಂದ ಒಳ್ಳೆಯ ಅಂಕಿಯನ್ನು ಜಾಹೀರಾತಿನಲ್ಲಿ ಮೆರೆಸುವವರು ಈ ಫಲಿತಾಂಶವನ್ನು ಓದಬೇಕು.

ಇದೇ ಕಾಲದ ಇನ್ನೊಂದು ಧಾರೆ ಊರ್ಮಿಳಾ ಮಹಾದೇವ್ ಅವರದು. ಬರ್ಕ್ಲಿಯಲ್ಲಿ ಎಂಟು ವರ್ಷದ ಪಿಎಚ್.ಡಿ. ಶ್ರಮದಿಂದ, 2018ರಲ್ಲಿ, ಸಾಮಾನ್ಯ ಕಂಪ್ಯೂಟರಿನ ಬಲದಿಂದಲೇ ಕ್ವಾಂಟಮ್ ಯಂತ್ರವನ್ನು ಪಾಟೀಸವಾಲಿಗೆ ಒಳಪಡಿಸುವ ವಿಧಾನವನ್ನು ಅವರು ಕೊಟ್ಟರು. ಗೂಢಲಿಪಿಶಾಸ್ತ್ರವೇ ಅದರ ಬೆನ್ನೆಲುಬು. ಅಲ್ಲಿ ಯಂತ್ರ ಸುಳ್ಳು ಹೇಳಬಲ್ಲ ಆರೋಪಿ, ಸ್ಯಾಂಡಿಯಾದವರಿಗೆ ಅದು ರೋಗಿ. ಎರಡನೆಯ ನೋಟವೇ ನನಗೆ ಹೆಚ್ಚು ಇಷ್ಟ, ಯಂತ್ರವನ್ನು ರಿಪೇರಿ ಮಾಡಲು ದಾರಿ ತೋರಿಸುವುದು ಅದೇ ಎಂಬ ಕಾರಣಕ್ಕೆ. ಆದರೆ ಅದರಲ್ಲೊಂದು ಕೊರತೆ ಇದೆ. ಕನ್ನಡಿ ಪರೀಕ್ಷೆಯಲ್ಲಿ ಗೆದ್ದ ಯಂತ್ರ, ಹಿಂದಿರುಗಿ ಬರಬೇಕಿಲ್ಲದ ನಿಜವಾದ ಲೆಕ್ಕದಲ್ಲೂ ಅಷ್ಟೇ ಗೆಲ್ಲುತ್ತದೆ ಎನ್ನಲು ದೋಷಗಳ ಸ್ವಭಾವದ ಬಗ್ಗೆ ಮೊದಲೇ ಏನನ್ನಾದರೂ ನಂಬಬೇಕಾಗುತ್ತದೆ. ಆ ನಂಬಿಕೆ ಯಾವುದು ಎಂಬುದನ್ನು ಮಹಾಪ್ರಬಂಧದ ಮೊದಲ ಪುಟದಲ್ಲೇ ದೊಡ್ಡಕ್ಷರದಲ್ಲಿ ಬರೆದಿದ್ದರೆ ನನ್ನಂಥ ಹೊರಗಿನ ಓದುಗನಿಗೆ ಉಪಕಾರವಾಗುತ್ತಿತ್ತು.