ಕಿವಿ ನಮ್ಮದು, ಬಾಯಿ ಯಾರದು?

ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹುಯ್ಯಬೇಕೆಂದು ಗೌತಮ ಧರ್ಮಸೂತ್ರ ವಿಧಿಸಿದ ನಾಡು ಇದು. ಇಂಥ ನಾಡಿಗೆ ರೇಡಿಯೊ ಬಂದದ್ದು ಸಣ್ಣ ಸಂಗತಿಯೇನಲ್ಲ. ದೇವಸ್ಥಾನದ ಬಾಗಿಲಲ್ಲಿ ತಡೆದರು, ಬಾವಿಕಟ್ಟೆಯಲ್ಲಿ ತಡೆದರು. ಗಾಳಿಯಲ್ಲಿ ಬರುವ ಮಾತನ್ನು ಮಾತ್ರ ಕೇರಿಯ ಹೊರಗೆ ನಿಲ್ಲಿಸಲು ಯಾವ ಪುರೋಹಿತನಿಂದಲೂ ಆಗಲಿಲ್ಲ. ಆದರೆ ಕಿವಿ ತೆರೆದ ಮಾತ್ರಕ್ಕೆ ಬಾಯಿ ತೆರೆಯಿತೆ? ಮಂಗಳೂರಿನ ರೇಡಿಯೊ ಚರಿತ್ರೆಯನ್ನು, ಮೊದಲು ಬಂದ ಸರ್ಕಾರಿ ನಿಲಯವನ್ನೂ ಆಮೇಲೆ ಬಂದ ವ್ಯಾಪಾರಿ ನಿಲಯಗಳನ್ನೂ, ಈ ಒಂದು ಪ್ರಶ್ನೆ ಇಟ್ಟುಕೊಂಡೇ ನೋಡಬೇಕು.

ಮಂಗಳೂರು ಆಕಾಶವಾಣಿ ಶುರುವಾದದ್ದು 1976ರ ಡಿಸೆಂಬರ್ 11ರಂದು. ತಾರೀಖನ್ನು ಗಮನಿಸಿ. ಅದು ತುರ್ತುಪರಿಸ್ಥಿತಿಯ ಕಾಲ. ಪತ್ರಿಕೆಗಳಿಗೆ ಸೆನ್ಸಾರ್, ಎದುರು ಮಾತಾಡಿದವರಿಗೆ ಜೈಲು. ದೇಶದ ಬಾಯಿಗೆ ಬಟ್ಟೆ ತುರುಕಿದ್ದ ಹೊತ್ತಿನಲ್ಲಿ ಕರಾವಳಿಗೊಂದು ಬಾನುಲಿ ಸಿಕ್ಕಿತು! ಅದೇ ವರ್ಷಗಳಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯ ಬಲದ ಮೇಲೆ, ಈ ಜಿಲ್ಲೆಯ ಗೇಣಿದಾರರು ಡಿಕ್ಲರೇಶನ್ ಹಿಡಿದು ಟ್ರಿಬ್ಯೂನಲ್ಲುಗಳ ಮುಂದೆ ನಿಂತಿದ್ದರು. ಗೇಣಿಯ ಹಕ್ಕೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ದಲಿತರಿಗೆ ಅಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಈ ಜಗಳವೆಲ್ಲ ಸರ್ಕಾರಿ ಮೈಕಿನ ಮುಂದೆ ಬರುವುದಾದರೂ ಹೇಗೆ? ರೈತನಿಗೆ ಗೊಬ್ಬರದ ಲೆಕ್ಕ ಹೇಳುವ ರೇಡಿಯೊ, ನೆಲ ಯಾರದು ಅಂತ ಕೇಳುವುದಿಲ್ಲ.

ಹಾಗಂತ ಆಕಾಶವಾಣಿಯನ್ನು ಸಾರಾಸಗಟಾಗಿ ತಳ್ಳಿಹಾಕಿದರೆ ಅದು ಸೋಮಾರಿ ವಿಮರ್ಶೆಯಾದೀತು. ಶಾಲೆಯಲ್ಲಿ ಆಡಿದರೆ ಪೆಟ್ಟು ತಿನ್ನಿಸುತ್ತಿದ್ದ ತುಳುವನ್ನು ಅದು ಬಾನುಲಿಯ ಮಾತಾಗಿಸಿತು. ಕೊಂಕಣಿ, ಬ್ಯಾರಿ ಭಾಷೆಗಳಿಗೂ ಜಾಗ ಕೊಟ್ಟಿತು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಪಾಡ್ದನ ಸ್ಟುಡಿಯೊಕ್ಕೆ ಬಂತು. ಇದು ದೊಡ್ಡ ಕೆಲಸವೇ. ಆದರೆ ಸ್ಟುಡಿಯೊಕ್ಕೆ ಬಂದ ಪಾಡ್ದನಕ್ಕೆ 'ಜಾನಪದ' ಎಂಬ ಹೆಸರಿಟ್ಟ ಕೂಡಲೇ ಹಾಡಿದವಳ ಕೂಲಿ, ಅವಳ ಬೆನ್ನುನೋವು ಹೊರಗುಳಿದವು. ನಲಿಕೆ, ಪರವ, ಪಂಬದರ ಕತೆಯೂ ಇದೇ. ಕೋಲದ ರಾತ್ರಿ ಅವರ ಬಾಯಿಂದ ಬರುವ ನುಡಿಗೆ ಗುತ್ತಿನವರು ಕೈಮುಗಿಯುತ್ತಾರೆ. ಬೆಳಿಗ್ಗೆ ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅಂಗಳದಾಚೆ. ರಾತ್ರಿಯ ದನಿಯನ್ನು ಧ್ವನಿಮುದ್ರಿಸಿಕೊಳ್ಳುವುದು ಸುಲಭ. ಬೆಳಗಿನ ದನಿಗೆ ಮೈಕು ಹಿಡಿಯಬೇಕು. ಕೊರಗರ ಡೋಲಿಗೂ ಈ ಮಾತು ಸಲ್ಲುತ್ತದೆ. ಕೊರಗರ ಅಜಲು ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 2000ದಲ್ಲಿ. ಆ ಡೋಲು ಕಲೆಯೋ ಬಿಟ್ಟಿ ಚಾಕರಿಯೋ ಎಂದು ಹೇಳಬೇಕಾದವರು ಕೊರಗರೇ ಹೊರತು ಕಾರ್ಯಕ್ರಮ ನಿರ್ವಾಹಕರಲ್ಲ.

ಇನ್ನು ವ್ಯಾಪಾರದ ಮಾತು. ವಿವಿಧಭಾರತಿಯಲ್ಲಿ ಜಾಹೀರಾತು ಹೊಕ್ಕದ್ದು 1967ರಲ್ಲಿ. ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಈ ತೀರ್ಪು ಕೇಳಿ ನಮ್ಮಂಥವರು ಹಿಗ್ಗಿದೆವು. ಆದರೆ ಸಾರ್ವಜನಿಕರ ಆಸ್ತಿಯನ್ನು ಸರ್ಕಾರ ಮಾಡಿದ್ದೇನು? ಹರಾಜಿಗಿಟ್ಟಿತು. 2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ ಬಂತು. 2005ರ ಎರಡನೇ ಹಂತದ ನೀತಿಯ ಬೆನ್ನಿಗೆ, ಆ ದಶಕ ಮುಗಿಯುವುದರೊಳಗೆ ಮಂಗಳೂರಿಗೂ ಬಂತು: 92.7, 93.5, 98.3. ಬಂದಾಗ ಮೊದಲನೆಯದು ಅಂಬಾನಿ ಬಳಗದ್ದು, ಎರಡನೆಯದು ಚೆನ್ನೈಯ ಟಿವಿ ಒಡೆಯರದ್ದು, ಮೂರನೆಯದು ಮುಂಬಯಿಯ ಪತ್ರಿಕಾ ಸಾಮ್ರಾಜ್ಯದ್ದು. ಮಂಗಳೂರಿನ ಗಾಳಿಯನ್ನು ಹತ್ತು ವರ್ಷದ ಗುತ್ತಿಗೆಗೆ ಹಿಡಿದವರಲ್ಲಿ ಮಂಗಳೂರಿನವರೇ ಇರಲಿಲ್ಲ.

ಕೇಳುವವರು ಯಾರು? ಬೀಡಿ ಕಟ್ಟುವ ಹೆಂಗಸರನ್ನು ನೆನೆಯಿರಿ. ಮಡಿಲಲ್ಲಿ ಮೊರ, ಕೈಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಕಣ್ಣಿಗೂ ಕೈಗೂ ಪುರಸೊತ್ತಿಲ್ಲ, ಬಿಡುವಿರುವುದು ಕಿವಿಗೆ ಮಾತ್ರ. ಹಿಂದೆ ರೇಡಿಯೊ ಇಟ್ಟುಕೊಂಡವರು ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸಿನ ದುಡ್ಡು ಕಟ್ಟಬೇಕಿತ್ತು. ಈಗ ಎಲ್ಲ ಪುಕ್ಕಟೆ. ಪುಕ್ಕಟೆ ಎಂದರೇನು? ಆಕೆಯ ಕಿವಿಯನ್ನೇ ಚಿನ್ನದಂಗಡಿಗೂ ಫ್ಲ್ಯಾಟು ಕಟ್ಟುವವನಿಗೂ ಮಾರಲಾಗಿದೆ ಎಂದರ್ಥ. ಬೀಡಿ ಕಟ್ಟಿದ್ದಕ್ಕೆ ಮಜೂರಿಯಾದರೂ ಉಂಟು; ಜಾಹೀರಾತು ಕೇಳಿದ್ದಕ್ಕೆ ಅದೂ ಇಲ್ಲ. ಕೊಳ್ಳುವ ತಾಕತ್ತಿಲ್ಲದವರನ್ನು ಈ ವ್ಯವಸ್ಥೆ ಕೇಳುಗರ ಲೆಕ್ಕದಲ್ಲೇ ಹಿಡಿಯುವುದಿಲ್ಲ.

ಒಂದನ್ನು ಒಪ್ಪಿಕೊಳ್ಳಬೇಕು. ಆಕಾಶವಾಣಿಯ 'ಶುದ್ಧ ಕನ್ನಡ' ಯಾವ ಅಂಗಳದಲ್ಲಿ ಬೆಳೆದದ್ದೆಂದು ನಮಗೆಲ್ಲ ಗೊತ್ತು. ಆ ಮಡಿಯನ್ನು ಎಫ್‌ಎಂನ ಹುಡುಗ ಹುಡುಗಿಯರು ಮುರಿದರು. ಬಸ್‌ಸ್ಟ್ಯಾಂಡಿನ, ಮೀನು ಮಾರ್ಕೆಟ್ಟಿನ ಮಾತು, ಕನ್ನಡ ತುಳು ಇಂಗ್ಲಿಷು ಕಲಸಿದ ಮಾತು, ನಾಚಿಕೆಯಿಲ್ಲದೆ ಗಾಳಿಗೇರಿತು. ಇದು ನಾವು ಸಾಹಿತ್ಯದಲ್ಲಿ ಕೇಳಿದ್ದೇ ಅಲ್ಲವೆ? ಆದರೆ ಆ ಮಾತಿಗೆ ಅಲ್ಲಿ ಸಿಕ್ಕಿದ್ದು ಎರಡೇ ಕೆಲಸ: ನಗಿಸುವುದು, ಮಾರುವುದು. ಸಿಟ್ಟು ಮಾಡಿಕೊಳ್ಳುವ ತುಳು, ಲೆಕ್ಕ ಕೇಳುವ ತುಳು, ಅಳುವ ತುಳು ಎಲ್ಲಿ?

ಅದಕ್ಕೆ ಕಾರಣ ನಿಲಯದವರ ಮನಸ್ಸು ಮಾತ್ರವಲ್ಲ. ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಹೇಳಕೂಡದು ಎಂಬುದು ಸರ್ಕಾರದ ಕಟ್ಟಳೆ. 2009ರ ಜನವರಿಯಲ್ಲಿ ಇದೇ ಊರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದಾಗ, ಇದೇ ಊರಿನ ವ್ಯಾಪಾರಿ ನಿಲಯಗಳಿಗೆ ಅದನ್ನು ಸುದ್ದಿಯಾಗಿ ಹೇಳುವ ಹಕ್ಕೇ ಇರಲಿಲ್ಲ. 2011ರ ನೀತಿ ಕೊಟ್ಟ ಸಡಿಲಿಕೆಯೂ ಆಕಾಶವಾಣಿಯ ವಾರ್ತೆಯನ್ನು ಅಕ್ಷರ ಬದಲಿಸದೆ ಒದರಬಹುದು ಎಂಬಷ್ಟೇ. ಸರ್ಕಾರಕ್ಕೆ ಜನರ ಬಾಯಿಯ ಭಯ, ಬಂಡವಾಳಕ್ಕೆ ಅದರಿಂದ ಲಾಭವಿಲ್ಲ. ಹೀಗಾಗಿ ಇಬ್ಬರಿಗೂ ಒಪ್ಪಂದವಾಯಿತು: ಹಾಡು ಹಾಕು, ಸುಮ್ಮನಿರು.

ಕಡೆಗೆ ನಮ್ಮ ತಪ್ಪನ್ನೂ ಹೇಳಿಕೊಳ್ಳೋಣ. 1920ರಲ್ಲಿ ಬಾಬಾಸಾಹೇಬರು ಪತ್ರಿಕೆ ಹೊರಡಿಸಿ ಅದಕ್ಕೆ 'ಮೂಕನಾಯಕ' ಅಂತ ಹೆಸರಿಟ್ಟರು. ನಾವೂ ಕರಪತ್ರ ಹಂಚಿದೆವು, ಬೀದಿನಾಟಕ ಆಡಿದೆವು, ತಮಟೆ ಬಡಿದು ಹಾಡಿದೆವು. ಓದು ಬಾರದ ಬೀಡಿ ಕಟ್ಟುವಾಕೆಯ ಕಿವಿಯನ್ನು ಮಾತ್ರ ಇತರರಿಗೆ ಬಿಟ್ಟುಕೊಟ್ಟೆವು. 2006ರ ಸಮುದಾಯ ಬಾನುಲಿ ನೀತಿ ಬಂದ ಮೇಲೆ ಸಂಘ ಸಂಸ್ಥೆಗಳೂ ಸಣ್ಣ ನಿಲಯ ತೆರೆಯಬಹುದಾಯಿತು. ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು 107.8ರಲ್ಲಿ 'ಸಾರಂಗ್' ನಡೆಸಿ ದಾರಿ ತೋರಿಸಿತು. ಅಲ್ಲಿಯೂ ಸುದ್ದಿಗೆ ಕಡಿವಾಣ ಉಂಟು, ದನಿ ಹೆಚ್ಚು ದೂರ ಹೋಗುವುದಿಲ್ಲ. ಆದರೂ ಕೊರಗರ ಹೆಣ್ಣುಮಗಳೊಬ್ಬಳು ತನ್ನ ಭಾಷೆಯಲ್ಲಿ ತನ್ನ ರೇಷನ್ ಕಾರ್ಡಿನ ಕತೆ ಹೇಳಲಿಕ್ಕೆ ಅಷ್ಟು ದೂರ ಸಾಕು.

ಹಳ್ಳಿ ಶಾಲೆಯ ಮೇಷ್ಟ್ರೇ, ಹಾಸ್ಟೆಲಿನ ಗೆಳೆಯರೇ, ಕೈಯಲ್ಲಿರುವ ಫೋನಿನಲ್ಲೇ ಇವತ್ತು ಧ್ವನಿ ಹಿಡಿಯಬಹುದು. ಪಾಡ್ದನ ಹಿಡಿಯಿರಿ, ಹಾಡಿದವಳ ಹೆಸರು ಕೇಳಿ, ಆಕೆಯ ಕೂಲಿ ಎಷ್ಟೆಂದೂ ಕೇಳಿ. ಹಿಡಿದದ್ದನ್ನು ನಿಲಯದ ಬಾಗಿಲಿಗೆ ಒಯ್ದು ಹಾಕಿ ಅನ್ನಿ. ಹಾಕದಿದ್ದರೆ ಯಾಕೆ ಅಂತ ಕೇಳಿ. ಗಾಳಿ ಸಾರ್ವಜನಿಕ ಆಸ್ತಿ ಎಂದು ಕೋರ್ಟೇ ಹೇಳಿದೆ. ಆ ಸಾರ್ವಜನಿಕರಲ್ಲಿ ನಾವೂ ಇದ್ದೇವೆ.